ಸೇನೆ ಕಳಿಸುವ ಮುನ್ನ ಸಂಸತ್ತಿನ ಮತ: ಜರ್ಮನಿ ಅಫ್ಘಾನಿಸ್ತಾನದಲ್ಲಿ ಕೇಳಲು ಮರೆತ ಪ್ರಶ್ನೆ

ಭಯೋತ್ಪಾದನೆಯ ವಿರುದ್ಧ ಹೋರಾಡಲು ಬೇರೆ ದೇಶದ ನೆಲಕ್ಕೆ ನಮ್ಮ ಸೈನಿಕರನ್ನು ಕಳಿಸಬೇಕೇ ಎಂಬ ಚರ್ಚೆ ಎಲ್ಲಿ ನಡೆದರೂ ಬೇಗ ಧೈರ್ಯ ಮತ್ತು ಹೇಡಿತನದ ಜಗಳವಾಗಿಬಿಡುತ್ತದೆ. ಸಂವಿಧಾನ ಕಾನೂನು ಕಲಿಸುವ ನಾನು ವಿದ್ಯಾರ್ಥಿಗಳಿಗೆ ಮೊದಲು ಓದಲು ಕೊಡುವುದು ಸಂಸತ್ತಿನ ಮುಂದೆ ಬಂದ ಪ್ರಸ್ತಾವವನ್ನು. ಭಾಷಣಗಳ ಸರದಿ ಆಮೇಲೆ. ಎಷ್ಟು ಸೈನಿಕರು, ಯಾವ ಪ್ರದೇಶ, ಎಷ್ಟು ಕಾಲ, ಯಾವ ಕಾನೂನಿನ ಬಲ, ಯಾರ ಖರ್ಚು ಎಂಬುದು ಅದರಲ್ಲಿದೆಯೇ ನೋಡಿ ಎನ್ನುತ್ತೇನೆ. ಈ ಐದಕ್ಕೂ ಉತ್ತರ ಬರೆದುಕೊಡಲೇಬೇಕೆಂದು ಕಾನೂನು ಮಾಡಿಕೊಂಡಿರುವ ದೇಶಗಳು ಕಡಿಮೆ. ಅವುಗಳಲ್ಲಿ ಜರ್ಮನಿ ಮುಖ್ಯವಾದದ್ದು.

ಎರಡನೇ ಮಹಾಯುದ್ಧದ ನೆನಪಿನಿಂದಾಗಿ ಜರ್ಮನಿಯಲ್ಲಿ ಸೇನೆ ದೇಶದ ಗಡಿ ದಾಟುವುದೇ ದಶಕಗಳ ಕಾಲ ನಿಷಿದ್ಧದಂತಿತ್ತು. 1990ರ ದಶಕದ ಆರಂಭದಲ್ಲಿ ಸೊಮಾಲಿಯಾ ಮತ್ತು ಹಿಂದಿನ ಯುಗೊಸ್ಲಾವಿಯಾದ ಕಾರ್ಯಾಚರಣೆಗಳಲ್ಲಿ ಸೇನೆ ಪಾಲ್ಗೊಂಡಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. 1994ರ ಜುಲೈ 12ರಂದು ಕಾರ್ಲ್ಸ್‌ರುಹೆಯ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಸಾಮೂಹಿಕ ಭದ್ರತೆಯ ವ್ಯವಸ್ಥೆಯೊಂದರ ಒಳಗೆ ಸೇನೆ ಹೊರಗೆ ಹೋಗಬಹುದು, ಆದರೆ ಸಶಸ್ತ್ರ ಕಾರ್ಯಾಚರಣೆಗೆ ಸಂಸತ್ತಿನ ಕೆಳಮನೆಯಾದ ಬುಂಡೆಸ್ಟಾಗ್‌ನ ಒಪ್ಪಿಗೆ ಬೇಕು ಎಂಬುದು ಅದರ ಸಾರ. 2005ರಲ್ಲಿ ಇದಕ್ಕೊಂದು ಪ್ರತ್ಯೇಕ ಕಾಯ್ದೆಯೂ ಬಂತು. ಅಲ್ಲಿನವರು ತಮ್ಮ ಸೇನೆಯನ್ನು ಸಂಸತ್ತಿನ ಸೇನೆ ಎಂದೇ ಕರೆಯುತ್ತಾರೆ.

ಈ ವ್ಯವಸ್ಥೆಗೆ ಮೊದಲ ಕಠಿಣ ಪರೀಕ್ಷೆ ಎದುರಾದದ್ದು 2001ರಲ್ಲಿ. ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಜೊತೆ ನಿಲ್ಲಲು 3,900 ಸೈನಿಕರವರೆಗೆ ಕಳಿಸುವ ಪ್ರಸ್ತಾವವನ್ನು ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ತಂದರು. ಅವರದು ಸೋಷಿಯಲ್ ಡೆಮಾಕ್ರಾಟ್ ಮತ್ತು ಗ್ರೀನ್ಸ್ ಪಕ್ಷಗಳ ಸಮ್ಮಿಶ್ರ ಸರ್ಕಾರ. ಶಾಂತಿ ಚಳವಳಿಯಿಂದ ಬಂದ ಗ್ರೀನ್ಸ್ ಸದಸ್ಯರಲ್ಲಿ ಎಂಟು ಮಂದಿ ಒಪ್ಪಲಿಲ್ಲ. ವಿರೋಧ ಪಕ್ಷದ ನೆರವಿದ್ದರೆ ಪ್ರಸ್ತಾವ ಸುಲಭವಾಗಿ ಗೆಲ್ಲುತ್ತಿತ್ತು. ಆದರೆ ಶ್ರೋಡರ್‌ಗೆ ತಮ್ಮದೇ ಮೈತ್ರಿಕೂಟದ ಬಹುಮತ ಬೇಕಿತ್ತು. ಅದಕ್ಕಾಗಿ ಸೇನಾ ಪ್ರಸ್ತಾವವನ್ನು ವಿಶ್ವಾಸಮತಕ್ಕೆ ಕಟ್ಟಿಬಿಟ್ಟರು.

ನವೆಂಬರ್ 16ರಂದು 336 ಮತ ಪರವಾಗಿ, 326 ವಿರುದ್ಧವಾಗಿ ಬಿದ್ದವು. ಬೇಕಿದ್ದದ್ದು 334. ಸೇನೆ ಕಳಿಸುವುದನ್ನು ಬೆಂಬಲಿಸುತ್ತಿದ್ದ ಕ್ರಿಶ್ಚಿಯನ್ ಡೆಮಾಕ್ರಾಟರು, ಈ ಚಾನ್ಸಲರ್ ಮೇಲೆ ವಿಶ್ವಾಸವಿಲ್ಲವೆಂದು ವಿರುದ್ಧ ಮತ ಹಾಕಿದರು. ವಿರೋಧಿಸುತ್ತಿದ್ದ ಎಂಟು ಗ್ರೀನ್ಸ್ ಸದಸ್ಯರಲ್ಲಿ ನಾಲ್ವರು, ಸರ್ಕಾರ ಬೀಳಬಾರದೆಂದು ಪರವಾಗಿ ಮತ ಕೊಟ್ಟರು. ಅಂದರೆ ಯುದ್ಧ ಬೇಕೆನ್ನುವವರು ಬೇಡವೆಂದೂ ಬೇಡವೆನ್ನುವವರಲ್ಲಿ ಕೆಲವರು ಬೇಕೆಂದೂ ಬರೆದುಕೊಟ್ಟ ದಿನ ಅದು. ಜೀವಹಾನಿಯ ಸಾಧ್ಯತೆಯಿರುವ ತೀರ್ಮಾನವನ್ನು ಸರ್ಕಾರದ ಅಳಿವು ಉಳಿವಿನ ಜೊತೆ ಗಂಟು ಹಾಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಸದಸ್ಯನ ಮನಸ್ಸಾಕ್ಷಿಯ ಮಾತು ಯಾವುದೆಂದು ಮತದಾರನಿಗೆ ತಿಳಿಯುವ ದಾರಿಯನ್ನೇ ಅದು ಮುಚ್ಚುತ್ತದೆ.

ಅದೇ ಡಿಸೆಂಬರ್‌ನಲ್ಲಿ ಕಾಬೂಲಿನ ಅಂತರರಾಷ್ಟ್ರೀಯ ಭದ್ರತಾ ಪಡೆಗೆ 1,200 ಸೈನಿಕರವರೆಗೆ ಕಳಿಸಲು ಬುಂಡೆಸ್ಟಾಗ್ ಒಪ್ಪಿತು. 2010ರ ಹೊತ್ತಿಗೆ ಈ ಮಿತಿ 5,350ಕ್ಕೆ ಏರಿತ್ತು. ಅಲ್ ಖೈದಾ ವಿರುದ್ಧದ ಹೋರಾಟವಾಗಿ ಶುರುವಾದದ್ದು ಕಾಬೂಲ್ ಸರ್ಕಾರದ ರಕ್ಷಣೆ, ಉತ್ತರದ ಕುಂದೂಜ್‌ನಲ್ಲಿ ಪುನರ್ನಿರ್ಮಾಣ, ಪೊಲೀಸ್ ತರಬೇತಿ, ಹೆಣ್ಣುಮಕ್ಕಳ ಶಾಲೆ ಎಂದು ಹರಡುತ್ತಾ ಹೋಯಿತು. ಪ್ರತಿಯೊಂದೂ ಒಳ್ಳೆಯ ಉದ್ದೇಶವೇ. ಆದರೆ ಯಾವುದು ಈಡೇರಿದರೆ ಕೆಲಸ ಮುಗಿಯಿತೆಂದು ಸೈನಿಕರು ಮನೆಗೆ ಬರಬಹುದು ಎಂಬುದಕ್ಕೆ ವರ್ಷ ವರ್ಷವೂ ಬಂದ ಪ್ರಸ್ತಾವಗಳಲ್ಲಿ ಅಳತೆಗೋಲಿರಲಿಲ್ಲ.

2005ರ ಕಾಯ್ದೆಯ ಒಂದು ಅಂಶವನ್ನು ಇಲ್ಲಿ ಹೇಳಲೇಬೇಕು. ಸರ್ಕಾರ ತಂದ ಪ್ರಸ್ತಾವವನ್ನು ಬುಂಡೆಸ್ಟಾಗ್ ಒಪ್ಪಬಹುದು ಅಥವಾ ತಳ್ಳಿಹಾಕಬಹುದು, ತಿದ್ದುವಂತಿಲ್ಲ. ಮುಂದಿನ ವಿಸ್ತರಣೆಗೆ ಮುನ್ನ ಸ್ವತಂತ್ರ ಮೌಲ್ಯಮಾಪನದ ವರದಿ ಬರಬೇಕು ಎಂದು ಸದಸ್ಯರೊಬ್ಬರು ಅದರೊಳಗೆ ಒಂದು ವಾಕ್ಯ ಸೇರಿಸಲು ಹೊರಟರೆ ಅವಕಾಶವಿಲ್ಲ. ಮಿತ್ರದೇಶಗಳ ಜೊತೆ ಮಾತಾಡಿ ಬಂದ ಸರ್ಕಾರಕ್ಕೆ ಕೈ ಕಟ್ಟಬಾರದು ಎಂಬ ಕಾರಣ ಅರ್ಥವಾಗುವಂಥದ್ದೇ. ಪರಿಣಾಮ ಮಾತ್ರ ಬೇರೆ. ಚರ್ಚೆ ಸಂಖ್ಯೆ ಮತ್ತು ಅವಧಿಗೆ ಅಂಟಿಕೊಂಡಿತು. ವರ್ಷಕ್ಕೊಮ್ಮೆಯ ಮತ, ಪರವಾನಗಿ ನವೀಕರಣದಂತಾಯಿತು.

ಹಾಗಾದರೆ ಮತ ಹಾಕಿ ಏನು ಪ್ರಯೋಜನ ಎಂದು ಕೇಳುವವರಿಗೆ ಕುಂದೂಜ್ ಪ್ರಕರಣವನ್ನು ನೆನಪಿಸುತ್ತೇನೆ. 2009ರ ಸೆಪ್ಟೆಂಬರ್ 4ರ ನಸುಕಿನಲ್ಲಿ ತಾಲಿಬಾನ್ ಅಪಹರಿಸಿದ್ದ ಎರಡು ತೈಲ ಟ್ಯಾಂಕರ್‌ಗಳು ಕುಂದೂಜ್ ನದಿಯ ಮರಳಿನಲ್ಲಿ ಹೂತು ನಿಂತಿದ್ದವು. ಜರ್ಮನ್ ಕರ್ನಲ್ ಗಿಯೋರ್ಗ್ ಕ್ಲೈನ್ ಅವುಗಳ ಮೇಲೆ ಬಾಂಬ್ ಹಾಕಲು ಆದೇಶಿಸಿದರು, ಹಾಕಿದ್ದು ಅಮೆರಿಕದ ಯುದ್ಧವಿಮಾನಗಳು. ತೈಲ ತುಂಬಿಕೊಳ್ಳಲು ಬಂದಿದ್ದ ಹಳ್ಳಿಗರೂ ಸೇರಿ ಸುಮಾರು ನೂರು ಜನ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ನಾಗರಿಕರು ಸತ್ತಿಲ್ಲವೆಂದು ಮೊದಲಿಗೆ ಹೇಳಿದ್ದ ರಕ್ಷಣಾ ಸಚಿವ ಫ್ರಾಂಝ್ ಯೋಸೆಫ್ ಯುಂಗ್, ಚುನಾವಣೆಯ ನಂತರ ಕಾರ್ಮಿಕ ಸಚಿವರಾಗಿದ್ದಾಗ ನವೆಂಬರ್ 27ರಂದು ರಾಜೀನಾಮೆ ಕೊಡಬೇಕಾಯಿತು. ಸೇನೆಯ ಅತ್ಯುನ್ನತ ಅಧಿಕಾರಿ ವೋಲ್ಫ್‌ಗಾಂಗ್ ಶ್ನೈಡರ್‌ಹಾನ್ ಹುದ್ದೆ ಬಿಟ್ಟರು. ಬುಂಡೆಸ್ಟಾಗ್‌ನ ರಕ್ಷಣಾ ಸಮಿತಿ ತನಿಖಾ ಸಮಿತಿಯಾಗಿ ಕೂತಿತು.

ಕರ್ನಲ್ ಮೇಲಿನ ಕ್ರಿಮಿನಲ್ ತನಿಖೆ 2010ರಲ್ಲಿ ಮುಚ್ಚಿಹೋಯಿತು. ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬರು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರೂ 2021ರ ಫೆಬ್ರವರಿಯಲ್ಲಿ ಸೋತರು. ತೀರ್ಪು ಓದುವಾಗ ನನಗೆ ಸಮಾಧಾನವಾಗಲಿಲ್ಲ. ಆದರೂ ಸಚಿವರೊಬ್ಬರು ಕುರ್ಚಿ ಬಿಟ್ಟದ್ದಕ್ಕೆ, ಗುಪ್ತ ವರದಿಗಳು ಸದಸ್ಯರ ಮೇಜಿಗೆ ಬಂದದ್ದಕ್ಕೆ ಪತ್ರಿಕೆಗಳ ಜೊತೆಗೆ ಈ ವ್ಯವಸ್ಥೆಯೂ ಕಾರಣ. ಸೈನಿಕರನ್ನು ತಾನೇ ಮತ ಹಾಕಿ ಕಳಿಸಿದ ಸದನಕ್ಕೆ ಅಲ್ಲಿ ನಡೆದದ್ದನ್ನು ಕೇಳುವ ಹಕ್ಕು ಗಟ್ಟಿಯಾಗಿರುತ್ತದೆ. 2010ರ ಫೆಬ್ರವರಿ 26ರಂದು ವಿಸ್ತರಣೆಯ ಚರ್ಚೆ ನಡೆಯುವಾಗ ಎಡಪಕ್ಷದ ಸದಸ್ಯರು ಕುಂದೂಜ್‌ನಲ್ಲಿ ಸತ್ತವರ ಹೆಸರು ಬರೆದ ಫಲಕಗಳನ್ನು ಎತ್ತಿಹಿಡಿದರು. ಸ್ಪೀಕರ್ ಅವರನ್ನು ಹೊರಗೆ ಕಳಿಸಿದರು. ವಿಸ್ತರಣೆ ಅಂಗೀಕಾರವಾಯಿತು. ಆ ಹೆಸರುಗಳು ಸದನದ ಒಳಗೆ ಬಂದದ್ದು ಸಣ್ಣ ವಿಷಯವಲ್ಲ.

ಐಸಿಸ್ ವಿರುದ್ಧದ ಕಾರ್ಯಾಚರಣೆ ಇನ್ನೂ ಅವಸರದ್ದು. 2015ರ ನವೆಂಬರ್ 13ರ ಪ್ಯಾರಿಸ್ ದಾಳಿಯ ನಂತರ ಫ್ರಾನ್ಸ್ ನೆರವು ಕೇಳಿತು. ಡಿಸೆಂಬರ್ 1ರಂದು ಸಂಪುಟ ತೀರ್ಮಾನಿಸಿತು, 4ರಂದು ಬುಂಡೆಸ್ಟಾಗ್ 445-146 ಮತಗಳಿಂದ ಒಪ್ಪಿತು. 1,200 ಸೈನಿಕರವರೆಗೆ, ಟೊರ್ನಾಡೊ ವಿಚಕ್ಷಣಾ ವಿಮಾನಗಳು, ಒಂದು ಯುದ್ಧನೌಕೆ. ಬಾಂಬ್ ಹಾಕುವ ಕೆಲಸ ಜರ್ಮನಿಯದಲ್ಲ. ಸಿರಿಯಾ ಸರ್ಕಾರದ ಅನುಮತಿಯಿಲ್ಲದೆ ಅದರ ಆಕಾಶದಲ್ಲಿ ಹಾರಲು ಕಾನೂನಿನ ಆಧಾರ ಯಾವುದು ಎಂಬ ಪ್ರಶ್ನೆಗೆ ಮೂರು ದಿನದಲ್ಲಿ ಸಿಗಬೇಕಾದಷ್ಟು ಸಮಯ ಸಿಗಲಿಲ್ಲ. ಎಡಪಕ್ಷ ನ್ಯಾಯಾಲಯಕ್ಕೆ ಹೋಯಿತು, 2019ರಲ್ಲಿ ಅರ್ಜಿ ವಿಚಾರಣೆಗೆ ಅರ್ಹವಲ್ಲವೆಂದು ತಿರಸ್ಕೃತವಾಯಿತು. ಆದರೆ ಟರ್ಕಿಯ ಇಂಜಿರ್ಲಿಕ್ ನೆಲೆಯಲ್ಲಿದ್ದ ತಮ್ಮ ಸೈನಿಕರನ್ನು ಭೇಟಿಯಾಗಲು ಸಂಸದರಿಗೆ ಟರ್ಕಿ ಅಡ್ಡಿ ಮಾಡಿದಾಗ, 2017ರಲ್ಲಿ ಜರ್ಮನಿ ಆ ವಿಮಾನಗಳನ್ನು ಜೋರ್ಡಾನ್‌ಗೆ ಸಾಗಿಸಿತು. ಸಂಸದರಿಗೆ ಪ್ರವೇಶವಿಲ್ಲದ ಕಡೆ ಸಂಸತ್ತಿನ ಸೇನೆ ಇರಲಾರದು ಎಂಬ ನಿಲುವನ್ನು ಒಂದು ದೇಶ ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ನನಗೆ ಮೆಚ್ಚುಗೆ.

ಕರ್ನಾಟಕದ ವಿದ್ಯಾರ್ಥಿಗಳು ಇಷ್ಟು ಕೇಳಿದ ಮೇಲೆ ನಮ್ಮಲ್ಲಿ ಹೇಗೆ ಎನ್ನುತ್ತಾರೆ. ನಮ್ಮ ಸಂವಿಧಾನದಲ್ಲಿ ಹೊರದೇಶಕ್ಕೆ ಸೇನೆ ಕಳಿಸಲು ಲೋಕಸಭೆಯ ಮತ ಕಡ್ಡಾಯವಲ್ಲ. 1987ರಲ್ಲಿ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋದದ್ದು ಸರ್ಕಾರಗಳ ನಡುವಿನ ಒಪ್ಪಂದದ ಮೇಲೆ. 1990ರ ಮಾರ್ಚ್‌ನಲ್ಲಿ ಅದು ಮರಳುವ ಹೊತ್ತಿಗೆ ನಾವು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿದ್ದೆವು. 2003ರ ಜುಲೈನಲ್ಲಿ ಇರಾಕ್‌ಗೆ ಸೇನೆ ಕಳಿಸುವುದಿಲ್ಲವೆಂದು ತೀರ್ಮಾನಿಸಿದ್ದೂ ಸಂಪುಟದ ಭದ್ರತಾ ಸಮಿತಿಯೇ. ಆ ತೀರ್ಮಾನ ಸರಿಯೆಂದೇ ನಾನು ನಂಬುತ್ತೇನೆ, ಆದರೆ ಅದೇ ಕೋಣೆ ಬೇರೆ ಉತ್ತರ ಕೊಟ್ಟಿದ್ದರೂ ಕಾನೂನು ತಡೆಯುತ್ತಿರಲಿಲ್ಲ.

ಜರ್ಮನಿಯ ಕೊನೆಯ ತುಕಡಿ ಅಫ್ಘಾನಿಸ್ತಾನ ಬಿಟ್ಟದ್ದು 2021ರ ಜೂನ್ ಕೊನೆಯಲ್ಲಿ. ಅಷ್ಟರಲ್ಲಿ 59 ಜರ್ಮನ್ ಸೈನಿಕರು ಅಲ್ಲಿ ಜೀವ ಕಳೆದುಕೊಂಡಿದ್ದರು. ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಜನರನ್ನು ಕರೆತರಲು ಸೇನೆ ಮತ್ತೆ ಹೋಯಿತು. ತುರ್ತಿನಲ್ಲಿ ಮೊದಲು ಹೋಗಿ ಆಮೇಲೆ ಒಪ್ಪಿಗೆ ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ, ಬುಂಡೆಸ್ಟಾಗ್ ಆಗಸ್ಟ್ 25ರಂದು ಮತ ಹಾಕಿತು. 2022ರ ಜುಲೈನಲ್ಲಿ ಸಂಸತ್ತು ಇಪ್ಪತ್ತು ವರ್ಷಗಳ ಪಾಠ ಹುಡುಕಲು ಒಂದು ಆಯೋಗವನ್ನು ನೇಮಿಸಿತು. ಸಂಸದರೂ ತಜ್ಞರೂ ಕೂಡಿ ಕೂತ ಆ ಆಯೋಗ, 2024ರ ಮಧ್ಯಂತರ ವರದಿಯಲ್ಲಿ ಕಾರ್ಯಾಚರಣೆ ಒಟ್ಟಾರೆ ಸೋತಿತೆಂದೇ ಹೇಳಿತು. ಆ ಪರಿಶೀಲನೆ ಸೈನಿಕರು ಮರಳಿದ ಮೇಲೆ ನಡೆಯಿತು. 2005ರ ಕಾಯ್ದೆಗೆ ಒಂದೇ ಒಂದು ಕಲಂ ಸೇರಿಸಿ, ಪ್ರತಿ ವಿಸ್ತರಣೆಯ ಮತಕ್ಕೆ ಮುನ್ನ ಸ್ವತಂತ್ರ ವರದಿ ಸದನದ ಮುಂದಿರಬೇಕೆಂದು ಕಡ್ಡಾಯ ಮಾಡಿದರೆ, ಅದನ್ನು ಸೈನಿಕರು ಅಲ್ಲಿರುವಾಗಲೇ ಮಾಡಬಹುದು.