ಔಷಧಿ ಅಂಗಡಿಗೆ ಕಂಪ್ಯೂಟರ್ ಬಂದ ದಾರಿ

ಔಷಧಿ ಅಂಗಡಿಗೆ ಕಂಪ್ಯೂಟರ್ ಮೊದಲು ಬಂದದ್ದು ಲೆಕ್ಕ ನೋಡಿಕೊಳ್ಳಲು. ಬಿಲ್ ಹಾಕಬೇಕು, ಸ್ಟಾಕ್ ಎಷ್ಟಿದೆ ನೋಡಬೇಕು, ಯಾವ ಬ್ಯಾಚ್‌ನ ಎಕ್ಸ್‌ಪೈರಿ ಹತ್ತಿರ ಬಂತು ಅಂತ ಗೊತ್ತಾಗಬೇಕು. 1974ರಲ್ಲಿ ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಶುರುವಾದ ಬಾರ್‌ಕೋಡ್ ಮುಂದೆ ಮಾತ್ರೆ ಡಬ್ಬಿಗಳ ಮೇಲೂ ಬಂತು. ಅಂಗಡಿಯವರ ಕೆಲಸ ಹಗುರಾಯಿತು, ನಿಜ.

ಆದರೆ ಡಾಕ್ಟರ ಚೀಟಿ ಮಾತ್ರ ಕಾಗದದಲ್ಲೇ ಉಳಿಯಿತು. ಅಪಾಯ ಇದ್ದದ್ದೇ ಅಲ್ಲಿ. ಸೆಲೆಬ್ರೆಕ್ಸ್ ನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಫಿಟ್ಸ್‌ಗೆ. ಅವಸರದಲ್ಲಿ ಗೀಚಿದರೆ ಮೂರೂ ಒಂದೇ ಥರ ಕಾಣುತ್ತವೆ. ಚೀಟಿಯನ್ನೇ ಕಂಪ್ಯೂಟರ್‌ನಲ್ಲಿ ಕಳಿಸುವ ಪ್ರಯತ್ನ ಸ್ವೀಡನ್‌ನಲ್ಲಿ 1983ರಲ್ಲೇ ನಡೆಯಿತು. ಅದು ಬೇರೆ ಕಡೆ ಹರಡಲು ದಶಕಗಳೇ ಬೇಕಾದವು. ಎಸ್ಟೋನಿಯಾ 2010ರಲ್ಲಿ ಇಡೀ ದೇಶಕ್ಕೆ ಇ-ಚೀಟಿ ತಂದಿತು. ಅಲ್ಲಿ ಗುರುತಿನ ಚೀಟಿ ತೋರಿಸಿದರೆ ಸಾಕು, ಯಾವ ಅಂಗಡಿಯಲ್ಲಾದರೂ ಔಷಧಿ ಸಿಗುತ್ತದೆ.

ಅಷ್ಟರಲ್ಲಿ ವ್ಯಾಪಾರವೂ ಇಂಟರ್ನೆಟ್‌ಗೆ ಹೋಗಿತ್ತು. 1999ರಲ್ಲಿ ಅಮೆರಿಕದಲ್ಲಿ ಡ್ರಗ್‌ಸ್ಟೋರ್ ಡಾಟ್ ಕಾಮ್ ಶುರುವಾಯಿತು. 2018ರಲ್ಲಿ ಔಷಧಿಯನ್ನು ಮನೆಗೇ ಕಳಿಸುವ ಪಿಲ್‌ಪ್ಯಾಕ್ ಕಂಪನಿಯನ್ನು ಅಮೆಜಾನ್ ಕೊಂಡಿತು. ಇದರ ಜೊತೆಗೇ ಚೀಟಿ ಕೇಳದೆ ಔಷಧಿ ಮಾರುವ, ನಕಲಿ ಮಾಲು ಸಾಗಿಸುವ ವೆಬ್‌ಸೈಟ್‌ಗಳೂ ಹುಟ್ಟಿಕೊಂಡವು. ಯುರೋಪಿಯನ್ ಒಕ್ಕೂಟ ಇದಕ್ಕೆ ಗಟ್ಟಿ ಉಪಾಯವನ್ನೇ ಹುಡುಕಿತು. 2019ರ ಫೆಬ್ರವರಿ 9ರಿಂದ ಅಲ್ಲಿ ಚೀಟಿ ಮೇಲೆ ಕೊಡುವ ಹೆಚ್ಚುಕಡಿಮೆ ಎಲ್ಲ ಔಷಧಿಯ ಪ್ರತಿ ಡಬ್ಬಿಗೂ ಅದರದೇ ನಂಬರ್ ಇರಬೇಕು. ಕೊಡುವಾಗ ಕೌಂಟರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ನಂಬರ್ ಅಲ್ಲಿಗೆ ಮುಗಿಯಿತು. ಅದೇ ನಂಬರ್ ಇನ್ನೊಂದು ಅಂಗಡಿಯಲ್ಲಿ ಮತ್ತೆ ಬಂದರೆ ಎಚ್ಚರಿಕೆ ಮೂಡುತ್ತದೆ. ಇದು ನನಗೆ ತುಂಬಾ ಮೆಚ್ಚುಗೆಯಾದ ವ್ಯವಸ್ಥೆ.

ಡಬ್ಬಿ ಅಸಲಿಯಾದರೂ ಆ ಮನುಷ್ಯನಿಗೆ ಅದು ಒಗ್ಗುತ್ತದಾ ಅಂತಲೂ ನೋಡಬೇಕಲ್ವಾ? ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರು ಜೊತೆಗೆ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ತಗೊಂಡರೆ ರಕ್ತಸ್ರಾವದ ಭಯ ಜಾಸ್ತಿ. ಸಾಫ್ಟ್‌ವೇರ್ ಇದನ್ನು ಹಿಡಿಯಬಲ್ಲದು. ಆದರೆ ಅದು ಸಣ್ಣಪುಟ್ಟದ್ದಕ್ಕೂ ಎಚ್ಚರಿಸುತ್ತಾ ಹೋದರೆ, ಫಾರ್ಮಸಿಸ್ಟ್ ಓದುವುದನ್ನೇ ಬಿಟ್ಟು ಸುಮ್ನೆ 'ಓಕೆ' ಒತ್ತುವ ಅಭ್ಯಾಸ ಬೆಳೆಯುತ್ತದೆ. ಇನ್ನು ವಾರ್ಫರಿನ್ ಒಂದು ಅಂಗಡಿಯಲ್ಲಿ, ನೋವಿನ ಮಾತ್ರೆ ಒಂದು ಆ್ಯಪ್‌ನಲ್ಲಿ ಕೊಂಡು, ಎರಡು ಕಡೆಯ ದಾಖಲೆ ಸೇರದಿದ್ದರೆ, ಆ ಎಚ್ಚರಿಕೆ ಯಾರ ಪರದೆಯ ಮೇಲೂ ಬರುವುದಿಲ್ಲ. ದಾಖಲೆಗಳು ಒಂದಾಗುವವರೆಗೆ ಕೌಂಟರ್‌ನಲ್ಲಿರುವವರು 'ಬೇರೆ ಏನಾದರೂ ಮಾತ್ರೆ ತಗೋತಿದ್ದೀರಾ?' ಅಂತ ಬಾಯಿಬಿಟ್ಟು ಕೇಳಲೇಬೇಕು.