ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇಂಡಿ ಗೇಮ್ ತೆರೆಯದಿದ್ದಾಗ: ದೋಷ ಸಂದೇಶ ಯಾರದು?

ಐಕಾನಿನ ಮೇಲೆ ಹತ್ತು ಸಲ ಕ್ಲಿಕ್ ಮಾಡಿದರೂ ಇಂಡಿ ಗೇಮ್ (ಸಣ್ಣ ಸ್ವತಂತ್ರ ತಂಡಗಳು ಮಾಡುವ ಗೇಮ್) ಏಕೆ ತೆರೆಯಲಿಲ್ಲ ಎಂಬುದು ತಿಳಿಯುವುದಿಲ್ಲ. ಗೇಮಿನ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು, ಅಲ್ಲಿಂದಲೇ ಅದನ್ನು ಚಲಾಯಿಸಿ, ಬಂದ ಸಂದೇಶವನ್ನು ಕೊಟ್ಟವರು ಯಾರೆಂದು ಮೊದಲು ಗುರುತಿಸಬೇಕು. ವ್ಯವಸ್ಥೆಯ ತಿರುಳಾದ ಕರ್ನಲ್, ಗೇಮಿಗೆ ಬೇಕಾದ ಲೈಬ್ರರಿಗಳನ್ನು (ಸಿದ್ಧ ಕೋಡಿನ ಫೈಲುಗಳನ್ನು) ಜೋಡಿಸುವ ಲೋಡರ್, ಕೊನೆಗೆ ಗೇಮನ್ನು ಓಡಿಸುವ ಗೇಮ್ ಎಂಜಿನ್, ಈ ಮೂರರಲ್ಲಿ ಒಂದು ಮಾತನಾಡುತ್ತಿರುತ್ತದೆ. ಒಂದರ ದೋಷಕ್ಕೆ ಇನ್ನೊಂದರ ಪರಿಹಾರ ಹಚ್ಚಿದರೆ ಇದ್ದ ವ್ಯವಸ್ಥೆಯೂ ಕೆಡುತ್ತದೆ.

ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ಚ್‌ಮಾಡ್ (chmod) ಕಮಾಂಡಿನಿಂದ ಫೈಲಿಗೆ ಚಲಾಯಿಸುವ ಅನುಮತಿ ಕೊಟ್ಟರೆ ಸಾಮಾನ್ಯವಾಗಿ ಸಾಕು. ಮೋಸಗೊಳಿಸುವ ಸಂದೇಶ ಬೇರೆಯದು. ಗದಗದ ಸಹಪಾಠಿಯೊಬ್ಬ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಎರಡನೇ ತಲೆಮಾರಿನ ಕೋರ್ ಐ3 ಲ್ಯಾಪ್‌ಟಾಪನ್ನು ಧಾರವಾಡದ ನಮ್ಮ ರೂಮಿಗೆ ತಂದಾಗ, ಫೈಲುಗಳನ್ನು ಪಟ್ಟಿ ಮಾಡುವ ಎಲ್‌ಎಸ್ ಕಮಾಂಡಿಗೆ ಕಣ್ಣೆದುರೇ ಕಾಣುತ್ತಿದ್ದ ಗೇಮ್ ಫೈಲನ್ನು ಚಲಾಯಿಸಿದರೆ ‘ಅಂಥ ಫೈಲೇ ಇಲ್ಲ’ ಎಂಬ ಉತ್ತರ ಬರುತ್ತಿತ್ತು. ಡೌನ್‌ಲೋಡ್ ಕೆಟ್ಟಿರಬೇಕೆಂದು ಮೂರು ಸಲ ಇಳಿಸಿಕೊಂಡು ಮೊಬೈಲ್ ಡೇಟಾ ಕಳೆದುಕೊಂಡೆವು. ಫೈಲಿನ ಬಗೆಯನ್ನು ಹೇಳುವ, ಫೈಲ್ ಎಂಬ ಹೆಸರಿನದೇ ಕಮಾಂಡನ್ನು ಅದರ ಮೇಲೆ ಓಡಿಸಿದಾಗ ಗುಟ್ಟು ಬಯಲಾಯಿತು: ಗೇಮ್ 32 ಬಿಟ್‌ನದು, ವ್ಯವಸ್ಥೆ 64 ಬಿಟ್‌ನದು. ಇಲ್ಲವಾಗಿದ್ದದ್ದು ಗೇಮ್ ಅಲ್ಲ, ಅದನ್ನು ಎತ್ತಿ ನಿಲ್ಲಿಸಬೇಕಾದ 32 ಬಿಟ್ ಲೋಡರ್. ಡೆಬಿಯನ್, ಉಬುಂಟು ಬಳಗದಲ್ಲಿ ಡಿಪಿಕೆಜಿ ಕಮಾಂಡಿನಿಂದ ಐ386 (ಅಂದರೆ 32 ಬಿಟ್) ವಿನ್ಯಾಸವನ್ನು ಸೇರಿಸಿ, ಪ್ಯಾಕೇಜ್ ಪಟ್ಟಿಯನ್ನು ನವೀಕರಿಸಿ, ಆ ವಿನ್ಯಾಸದ ಸಿ ಲೈಬ್ರರಿಯನ್ನು ಹಾಕಿಕೊಂಡರೆ ಈ ಹಂತ ದಾಟುತ್ತದೆ. ತಿರುವುಮುರುವಾಗಿ, 32 ಬಿಟ್ ವ್ಯವಸ್ಥೆಯಲ್ಲಿ 64 ಬಿಟ್ ಗೇಮ್ ಇದ್ದರೆ ಯಾವ ಲೈಬ್ರರಿಯೂ ನೆರವಿಗೆ ಬಾರದು. ಪ್ರೊಸೆಸರ್ 64 ಬಿಟ್ ಬೆಂಬಲಿಸುತ್ತದೆಯೇ ಎಂದು ಎಲ್‌ಎಸ್‌ಸಿಪಿಯು ಕಮಾಂಡಿನಲ್ಲಿ ನೋಡಿ, ಬೆಂಬಲವಿದ್ದರೆ ವ್ಯವಸ್ಥೆಯನ್ನೇ ಹೊಸದಾಗಿ ಸ್ಥಾಪಿಸಬೇಕು.

ಲೋಡರ್ ದೂರುವಾಗ ಸಿಗದ ಲೈಬ್ರರಿಯ ಹೆಸರನ್ನೇ ಹೇಳುತ್ತದೆ, ಆದರೆ ಒಮ್ಮೆಗೆ ಒಂದನ್ನು ಮಾತ್ರ. ಎಲ್‌ಡಿಡಿ ಕಮಾಂಡ್ ಇಲ್ಲದವುಗಳೆಲ್ಲವನ್ನೂ ಒಟ್ಟಿಗೆ ತೋರಿಸುವುದರಿಂದ ಅಲೆದಾಟ ತಪ್ಪುತ್ತದೆ. ಜಿಲಿಬ್‌ಸಿ (ಮೇಲೆ ಹೇಳಿದ ಸಿ ಲೈಬ್ರರಿ) 2.34 ಸಿಗಲಿಲ್ಲ ಎಂಬ ಬಗೆಯ ದೂರು ಬಂದರೆ ಮಾತ್ರ ಕೈ ತಡೆಯಬೇಕು. ಆ ಆವೃತ್ತಿ ಹೊರಬಂದದ್ದು 2021ರಲ್ಲಿ, ಉಬುಂಟು 20.04ರಲ್ಲಿ ಇರುವುದು 2.31. ಹೊಸ ಜಿಲಿಬ್‌ಸಿಯನ್ನು ಎಲ್ಲಿಂದಲೋ ತಂದು ಹಳೆಯದರ ಮೇಲೆ ಹೇರಬಾರದು, ಏಕೆಂದರೆ ಸುಡೊ, ಎಲ್‌ಎಸ್ ಸಹಿತ ಬಹುತೇಕ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಗೇಮಿನ ಹಳೆಯ ಬಿಲ್ಡ್ ಹುಡುಕುವುದು, ಇಲ್ಲವೇ ತನ್ನ ಜಿಲಿಬ್‌ಸಿಯನ್ನು ತಾನೇ ಹೊತ್ತು ತರುವ ಫ್ಲಾಟ್‌ಪ್ಯಾಕ್ ಆವೃತ್ತಿಯನ್ನು ಬಳಸುವುದು ಒಳ್ಳೆಯದು.

ಗೇಮ್ ತೆರೆದು ಕಪ್ಪು ಪರದೆ ಉಳಿದರೆ ವಿಚಾರಣೆ ಗ್ರಾಫಿಕ್ಸ್‌ನತ್ತ ತಿರುಗುತ್ತದೆ. ಗೇಮ್‌ಗಳು ಓಪನ್‌ಜಿಎಲ್ ಅಥವಾ ಅದಕ್ಕಿಂತ ಹೊಸದಾದ ವಲ್ಕನ್ ಎಂಬ ವ್ಯವಸ್ಥೆಯ ಮೂಲಕ ಗ್ರಾಫಿಕ್ಸ್ ಚಿಪ್ಪಿನಿಂದ ಚಿತ್ರ ಬಿಡಿಸುತ್ತವೆ; ನಮ್ಮ ಸಹಪಾಠಿಯ ಲ್ಯಾಪ್‌ಟಾಪಿನ ಇಂಟೆಲ್ ಎಚ್‌ಡಿ 3000 ಚಿಪ್ಪಿಗೆ ಓಪನ್‌ಜಿಎಲ್ 3.3ರವರೆಗೆ ಬೆಂಬಲವಿದೆ, ವಲ್ಕನ್ ಇಲ್ಲ. 2023ರಲ್ಲಿ ಬಂದ ಗೊಡೊ 4 ಎಂಜಿನ್ನಿನಲ್ಲಿ ಮಾಡಿದ ಗೇಮ್‌ಗಳು ಸಾಮಾನ್ಯವಾಗಿ ವಲ್ಕನ್ ಕೇಳುತ್ತವೆ. ರೆಂಡರಿಂಗ್ ಡ್ರೈವರ್ ಆಯ್ಕೆಗೆ ಓಪನ್‌ಜಿಎಲ್3 ಎಂದು ಕೊಟ್ಟು ಚಲಾಯಿಸಿದರೆ ಕೆಲವು ಓಡುತ್ತವೆ. ಆವೃತ್ತಿ ಸಂಖ್ಯೆಯನ್ನು ಹಿಗ್ಗಿಸಿ ತೋರಿಸುವ, ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳ ಗುಚ್ಛವಾದ ಮೆಸಾದ ಓವರ್‌ರೈಡ್ ಚರವನ್ನು (ಸೆಟ್ಟಿಂಗನ್ನು) ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದು ಗೇಮಿಗೆ ಸುಳ್ಳು ಹೇಳುತ್ತದೆಯೇ ಹೊರತು ಚಿಪ್ಪಿಗೆ ಶಕ್ತಿ ತುಂಬುವುದಿಲ್ಲ.

ಆದರೆ 32 ಬಿಟ್ ಲೋಡರ್ ಬಂದ ಮೇಲೂ ಆ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಕಪ್ಪು ಪರದೆಗೆ ಇದಾವುದೂ ಕಾರಣವಾಗಿರಲಿಲ್ಲ. ಗ್ರಾಫಿಕ್ಸ್ ಬೆಂಬಲವನ್ನು ವರದಿ ಮಾಡುವ ಜಿಎಲ್‌ಎಕ್ಸ್‌ಇನ್ಫೊ ಕಮಾಂಡ್ ಎಲ್ಲವೂ ಸರಿಯಿದೆ ಎನ್ನುತ್ತಿತ್ತು, ಟರ್ಮಿನಲ್ಲಿನಲ್ಲಿ ಡ್ರೈವರ್ ತುಂಬಿಕೊಳ್ಳಲಾಗಲಿಲ್ಲ ಎಂಬ ಸಾಲು ಬರುತ್ತಿತ್ತು. ಜಿಎಲ್‌ಎಕ್ಸ್‌ಇನ್ಫೊ ವರದಿ ಮಾಡಿದ್ದು 64 ಬಿಟ್ ಡ್ರೈವರಿನ ಬಗ್ಗೆ. 32 ಬಿಟ್ ಗೇಮಿಗೆ ಬೇಕಾದ 32 ಬಿಟ್ ಮೆಸಾ ಡ್ರೈವರ್ ಇನ್ನೂ ಬಂದೇ ಇರಲಿಲ್ಲ. ಐ386 ವಿನ್ಯಾಸದ ಮೆಸಾ ಡಿಆರ್‌ಐ ಪ್ಯಾಕೇಜನ್ನು ಹಾಕಿದ ಮೇಲೆ ಗೇಮಿನ ಮುಖಪುಟ ಬೆಳಗಿತು.