ಅಮೆರಿಕ ಇರಾಕಿಗೆ ಹೋಗಿದ್ದು ಯಾಕೆ? ಉದ್ದೇಶದ ಚರ್ಚೆಯನ್ನು ಓದುವ ಬಗೆ

ಇರಾಕ್ ಯುದ್ಧದ ನಿಜವಾದ ಉದ್ದೇಶ ಏನಿತ್ತು ಅಂತ ಕೇಳಿದರೆ ಹೆಚ್ಚಿನವರು ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ: ತೈಲ. ಇನ್ನು ಕೆಲವರು ಅಷ್ಟೇ ಬೇಗ ಹೇಳುತ್ತಾರೆ: ಇರಾಕಿನ ಆಡಳಿತಗಾರ ಸದ್ದಾಂ ಹುಸೇನ್ ಹತ್ತಿರ ಸಾಮೂಹಿಕ ವಿನಾಶದ ಅಸ್ತ್ರ ಇದೆ ಅಂತ ನಂಬಿದ್ದರು, ಮೋಸಹೋದರು. ಎರಡಕ್ಕೂ ಆಧಾರ ಇದೆ. ಎರಡೂ ಸಾಲುವುದಿಲ್ಲ. ಓದುವಾಗ ನಾನು ಮೂರು ವಿಷಯಗಳನ್ನು ಬೇರೆ ಬೇರೆ ಇಟ್ಟುಕೊಳ್ಳುತ್ತೇನೆ: ಜನರ ಮುಂದೆ ಹೇಳಿದ ಕಾರಣ, ನಿರ್ಧಾರ ಮಾಡಿದವರ ಮನಸ್ಸಿನಲ್ಲಿದ್ದ ಉದ್ದೇಶ, ಆಮೇಲೆ ಯಾರಿಗೋ ಸಿಕ್ಕ ಲಾಭ. ಚರ್ಚೆ ದಾರಿ ತಪ್ಪುವುದು ಹೆಚ್ಚಾಗಿ ಈ ಮೂರನ್ನೂ ಬೆರೆಸಿದಾಗ.

ದಿನಾಂಕಗಳು ತಲೆಯಲ್ಲಿದ್ದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಯುದ್ಧಕ್ಕೆ ಅನುಮತಿ ಕೊಟ್ಟಿತು. ನವೆಂಬರ್ 8ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1441ನೇ ನಿರ್ಣಯ ಪಾಸ್ ಮಾಡಿತು, ಅಸ್ತ್ರ ಹುಡುಕುವ ತಪಾಸಕರು ಮತ್ತೆ ಇರಾಕಿಗೆ ಹೋದರು. 2003ರ ಮಾರ್ಚ್ 20ಕ್ಕೆ ದಾಳಿ ಶುರುವಾಯಿತು. ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಮೇ 22ರ 1483ನೇ ನಿರ್ಣಯ ಅಮೆರಿಕ ಮತ್ತು ಬ್ರಿಟನ್ನನ್ನು ದೇಶ ವಶಪಡಿಸಿಕೊಂಡ ಶಕ್ತಿಗಳು ಅಂತಲೇ ಗುರುತಿಸಿತು. ಇರಾಕಿನಲ್ಲಿ ಅಮೆರಿಕ ನೇಮಿಸಿದ ಪಾಲ್ ಬ್ರೆಮರ್ ನೇತೃತ್ವದ ಆಡಳಿತ 2004ರ ಜೂನ್ 28ರವರೆಗೆ ನಡೆಯಿತು.

ಕಾಂಗ್ರೆಸ್ಸಿನ ಆ ಅನುಮತಿ ಪತ್ರವನ್ನು ಒಮ್ಮೆ ಪೂರ್ತಿ ಓದಿ. ಅದರಲ್ಲಿ ಕಾರಣ ಒಂದಲ್ಲ, ಸಾಲುಗಟ್ಟಿ ಇವೆ. 1991ರ ಕೊಲ್ಲಿ ಯುದ್ಧದ ಕದನವಿರಾಮದ ಷರತ್ತು ಮುರಿದದ್ದು, ಅಸ್ತ್ರಗಳು, ಸ್ವಂತ ಜನರ ಮೇಲಿನ ದೌರ್ಜನ್ಯ, 1993ರಲ್ಲಿ ಮಾಜಿ ಅಧ್ಯಕ್ಷ ಹಿರಿಯ ಬುಷ್ ಅವರನ್ನು ಕೊಲ್ಲಲು ನಡೆಸಿದ ಪ್ರಯತ್ನ, ಅಲ್ ಖೈದಾದವರು ಇರಾಕಿನಲ್ಲಿದ್ದಾರೆ ಎಂಬ ಮಾತು. 1998ರಲ್ಲಿ ಕ್ಲಿಂಟನ್ ಸಹಿ ಹಾಕಿದ ಇರಾಕ್ ವಿಮೋಚನಾ ಕಾಯ್ದೆಯ ಪ್ರಸ್ತಾಪವೂ ಇದೆ. ಸದ್ದಾಂ ಆಡಳಿತವನ್ನು ತೆಗೆಯುವ ಪ್ರಯತ್ನಕ್ಕೆ ಬೆಂಬಲ ಕೊಡುವುದು ಅಮೆರಿಕದ ನೀತಿ ಅಂತ ಆ ಕಾಯ್ದೆ ಹೇಳಿತ್ತು. ಅದಾಗಿ ಸುಮಾರು ಮೂರು ವರ್ಷಕ್ಕೆ ಸೆಪ್ಟೆಂಬರ್ 11ರ ದಾಳಿ ನಡೆಯಿತು.

ಇಷ್ಟೆಲ್ಲ ಇದ್ದರೂ ಜನರ ಕಿವಿಗೆ ಜಾಸ್ತಿ ಬಿದ್ದದ್ದು ಅಸ್ತ್ರದ ಮಾತು. ಯಾಕೆ ಅನ್ನುವುದನ್ನು ರಕ್ಷಣಾ ಇಲಾಖೆಯ ಉಪ ಕಾರ್ಯದರ್ಶಿಯಾಗಿದ್ದ ಪಾಲ್ ವುಲ್ಫೊವಿಟ್ಜ್ 2003ರ ಮೇನಲ್ಲಿ ಒಂದು ಪತ್ರಿಕಾ ಸಂದರ್ಶನದಲ್ಲಿ ಹೇಳಿದರು. ಸರ್ಕಾರದೊಳಗೆ ಎಲ್ಲರೂ ಒಪ್ಪುವಂತಿದ್ದ ವಿಷಯ ಅದೊಂದೇ, ಹಾಗಾಗಿ ಅದನ್ನೇ ಮುಖ್ಯ ಕಾರಣ ಮಾಡಿಕೊಂಡೆವು ಎಂಬುದು ಅವರ ಮಾತಿನ ಸಾರ. ಯುದ್ಧ ವಿರೋಧಿಗಳು ಇದನ್ನು "ತಪ್ಪೊಪ್ಪಿಗೆ" ಅಂತ ಎತ್ತಿಹಿಡಿದರು. ಪೂರ್ತಿ ಮಾತು ಓದಿದರೆ, ಅಸ್ತ್ರದ ಕಥೆ ಸುಳ್ಳು ಅಂತ ಅವರು ಎಲ್ಲೂ ಹೇಳಿಲ್ಲ. ಅಸ್ತ್ರ, ಭಯೋತ್ಪಾದನೆ, ಇರಾಕಿ ಜನರ ಮೇಲಿನ ಕ್ರೌರ್ಯ ಅಂತ ಮೂರು ಚಿಂತೆಗಳನ್ನು ಹೇಳಿದರು. ಮೂರನೆಯದು ಒಂದೇ ಆಗಿದ್ದರೆ ಅಮೆರಿಕದ ಮಕ್ಕಳ ಪ್ರಾಣ ಪಣಕ್ಕಿಡುವಷ್ಟು ದೊಡ್ಡ ಕಾರಣ ಅಲ್ಲ ಅಂತಲೂ ಸೇರಿಸಿದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಸ್ತ್ರ: ನಂಬಿಕೆಯೋ, ನೆಪವೋ?

2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಒಂದು ಪುಟ್ಟ ಸೀಸೆ ಎತ್ತಿ ತೋರಿಸಿದರು. ಆಂಥ್ರಾಕ್ಸ್ ಎಷ್ಟು ಕಡಿಮೆ ಇದ್ದರೂ ಸಾಕು ಅನ್ನುವುದಕ್ಕೆ. ಲಾರಿಗಳಲ್ಲಿ ಓಡಾಡುವ ಪ್ರಯೋಗಾಲಯಗಳ ಚಿತ್ರಗಳನ್ನೂ ತೋರಿಸಿದರು. ಆ ಪ್ರಯೋಗಾಲಯಗಳ ಮಾಹಿತಿ ಬಹುಪಾಲು ಬಂದದ್ದು "ಕರ್ವ್‌ಬಾಲ್" ಎಂಬ ಗುಪ್ತನಾಮದ ಒಬ್ಬ ಇರಾಕಿ ವಲಸಿಗನಿಂದ. ತಾನು ಹೇಳಿದ್ದು ಸುಳ್ಳು ಅಂತ ಆತ 2011ರಲ್ಲಿ ಒಪ್ಪಿಕೊಂಡ.

ಮಾರ್ಚ್ 7ರ ಸಭೆಯನ್ನು ನಾನು ಇನ್ನೂ ಮುಖ್ಯ ಅಂತ ನೋಡುತ್ತೇನೆ. ಅಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರಾದೈ, ಇರಾಕ್ ನೈಜರ್‌ನಿಂದ ಯುರೇನಿಯಂ ತರಲು ಹೊರಟಿತ್ತು ಅನ್ನುವ ಪತ್ರಗಳು ಅಸಲಿ ಅಲ್ಲ ಅಂದರು. ತಪಾಸಕರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್, ಉಳಿದ ಕೆಲಸಕ್ಕೆ ವರ್ಷಗಳೂ ಬೇಡ, ವಾರಗಳೂ ಸಾಲವು, ತಿಂಗಳುಗಳು ಬೇಕು ಅಂದರು. ಎರಡು ವಾರದೊಳಗೆ ದಾಳಿ ಆಯಿತು. ಅಸ್ತ್ರವೇ ಒಂದೇ ಚಿಂತೆಯಾಗಿದ್ದರೆ ಕೆಲವು ತಿಂಗಳು ಕಾಯಬಹುದಿತ್ತು ಅಲ್ವಾ? ಹೇಳಿದ ಕಾರಣ ದುರ್ಬಲವಾದಾಗ ಏನು ಮಾಡಿದರು ಅನ್ನುವುದೇ ಉದ್ದೇಶಕ್ಕೆ ಒಳ್ಳೆಯ ಪರೀಕ್ಷೆ. ಈ ಪರೀಕ್ಷೆಯಲ್ಲಿ ಬುಷ್ ಸರ್ಕಾರ ಸೋಲುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಅಸ್ತ್ರ ಇಲ್ಲ ಅಂತ ಅವರಿಗೆ ಗೊತ್ತಿತ್ತು ಅಂತ ಬರೆಯಬೇಡಿ. ಅಮೆರಿಕದ ಸೈನಿಕರು ಗಡಿ ದಾಟಿದ್ದು ರಾಸಾಯನಿಕ ದಾಳಿ ತಡೆಯುವ ದಪ್ಪ ಉಡುಪು ತೊಟ್ಟುಕೊಂಡು. ಸುಮ್ನೆ ನಾಟಕಕ್ಕೆ ಆ ಸೆಕೆಯಲ್ಲಿ ಸಾವಿರಾರು ಜನರಿಗೆ ಅದನ್ನು ತೊಡಿಸುವುದಿಲ್ಲ. ಅಸ್ತ್ರ ಹುಡುಕುವ ತಂಡದ ಮುಖ್ಯಸ್ಥರಾಗಿದ್ದ ಡೇವಿಡ್ ಕೇ 2004ರ ಜನವರಿಯಲ್ಲಿ ಸೆನೆಟ್ ಮುಂದೆ, ನಾವು ಬಹುತೇಕ ಎಲ್ಲರೂ ತಪ್ಪಿದ್ದೆವು ಅಂದರು. ಅವರ ನಂತರ ಬಂದ ಚಾರ್ಲ್ಸ್ ಡುಯಲ್ಫರ್ ವರದಿ ಇನ್ನೊಂದು ಎಳೆ ಬಿಡಿಸಿತು: ಇರಾನ್ ಹೆದರಿಕೊಂಡಿರಲಿ ಅಂತ ಸದ್ದಾಂ ಅನುಮಾನವನ್ನು ತಾನೇ ಜೀವಂತ ಇಟ್ಟಿದ್ದ.

ಹಾಗಾದರೆ ನಂಬಿಕೆಯೂ ನೆಪವೂ ಒಟ್ಟಿಗೆ ಇರಬಹುದಾ? ಇರಬಹುದು, ಇದ್ದವು ಕೂಡ. 2002ರ ಜುಲೈ 23ರ ಬ್ರಿಟಿಷ್ ಸಭೆಯ ಟಿಪ್ಪಣಿ, ಅಂದರೆ 2005ರಲ್ಲಿ ಬಯಲಾದ "ಡೌನಿಂಗ್ ಸ್ಟ್ರೀಟ್ ಮೆಮೊ", ಇದಕ್ಕೆ ಸಾಕ್ಷಿ. ವಾಷಿಂಗ್ಟನ್‌ನಿಂದ ಬಂದ ಬ್ರಿಟಿಷ್ ಗುಪ್ತಚರ ಮುಖ್ಯಸ್ಥರು, ಅಲ್ಲಿ ಮಾಹಿತಿಯನ್ನು ನೀತಿಗೆ ತಕ್ಕಂತೆ ಹೊಂದಿಸುತ್ತಿದ್ದಾರೆ ಅಂತ ವರದಿ ಮಾಡಿದ್ದು ಅದರಲ್ಲಿದೆ. ಬ್ರಿಟನ್‌ನ ಚಿಲ್ಕಾಟ್ ಆಯೋಗ 2016ರ ಜುಲೈ 6ರಂದು ವರದಿ ಕೊಟ್ಟಾಗ, ಯುದ್ಧ ಕೊನೆಯ ದಾರಿ ಆಗಿರಲಿಲ್ಲ ಅಂತ ಹೇಳಿತು. ನಿರ್ಧಾರ ಮೊದಲು, ಸಾಕ್ಷಿ ಆಮೇಲೆ. ಅಸ್ತ್ರ ಇದೆ ಅಂತ ನಂಬಿದ್ದಕ್ಕೇ ಯಾರೂ ಸಾಕ್ಷಿಯನ್ನು ಗಟ್ಟಿಯಾಗಿ ಒರೆಗೆ ಹಚ್ಚಲಿಲ್ಲ.

ಸೆಪ್ಟೆಂಬರ್ 11ರ ನಂಟು ಹೇಳಿ ಮುಂದೆ ಹೋಗೋಣ. 2003ರ ಬೇಸಿಗೆಯ ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆಯಲ್ಲಿ ಶೇ. 69ರಷ್ಟು ಅಮೆರಿಕನ್ನರು ಆ ದಾಳಿಯಲ್ಲಿ ಸದ್ದಾಂ ಕೈವಾಡ ಇದ್ದಿರಬಹುದು ಅಂದಿದ್ದರು. ಅದಕ್ಕೆ ಪುರಾವೆ ಇಲ್ಲ ಅಂತ ಸ್ವತಃ ಬುಷ್ ಸೆಪ್ಟೆಂಬರ್ 17ರಂದು ಹೇಳಿದರು. ಅಷ್ಟರಲ್ಲಿ ಯುದ್ಧ ಶುರುವಾಗಿ ಆರು ತಿಂಗಳಾಗುತ್ತ ಬಂದಿತ್ತು.

ತೈಲ: ಯಾವ ತೈಲದ ವಾದ?

"ತೈಲಕ್ಕಾಗಿ ಯುದ್ಧ" ಅನ್ನುವುದು ಒಂದೇ ವಾದ ಅಲ್ಲ. ಅಮೆರಿಕದ ಕಂಪನಿಗಳಿಗೆ ಬಾವಿ ಕೊಡಿಸಲು ಹೋದರು ಅನ್ನುವುದು ಒಂದು. ಬಾಗ್ದಾದ್ ಬಿದ್ದಾಗ ರಾಷ್ಟ್ರೀಯ ಮ್ಯೂಸಿಯಂ ಲೂಟಿಯಾಯಿತು, ತೈಲ ಸಚಿವಾಲಯದ ಮುಂದೆ ಮಾತ್ರ ಅಮೆರಿಕದ ಪಹರೆ ಇತ್ತು. ಈ ಚಿತ್ರ ಇರಾಕಿಗಳ ಮನಸ್ಸಿನಲ್ಲಿ ಅಚ್ಚಾಯಿತು, ಆಗದೇ ಇರುತ್ತದಾ? ಆದರೆ ವಿದೇಶಿಯರು ಇರಾಕಿ ಕಂಪನಿಗಳನ್ನು ಪೂರ್ತಿ ಕೊಳ್ಳಬಹುದು ಅಂದ ಬ್ರೆಮರ್ ಅವರ 39ನೇ ಆದೇಶ ತೈಲವನ್ನು ಹೊರಗಿಟ್ಟಿತು. 2009ರ ಹರಾಜಿನಲ್ಲಿ ರುಮೈಲಾ ತೈಲಕ್ಷೇತ್ರ ಸಿಕ್ಕಿದ್ದು ಬ್ರಿಟನ್‌ನ ಬಿಪಿ ಮತ್ತು ಚೀನಾದ ಸಿಎನ್‌ಪಿಸಿ ಕಂಪನಿಗಳಿಗೆ, ಹೆಚ್ಚುವರಿ ಉತ್ಪಾದನೆಯ ಬ್ಯಾರೆಲ್‌ಗೆ 2 ಡಾಲರ್ ಶುಲ್ಕದ ಮೇಲೆ. ಪಶ್ಚಿಮ ಖುರ್ನಾ ತೈಲಕ್ಷೇತ್ರದ ಒಂದು ಭಾಗ ಅಮೆರಿಕದ ಎಕ್ಸಾನ್ ಮತ್ತು ಶೆಲ್‌ಗೆ, ಇನ್ನೊಂದು ರಷ್ಯಾದ ತೈಲ ಕಂಪನಿ ಲುಕಾಯಿಲ್ ಇದ್ದ ಕೂಟಕ್ಕೆ ಹೋಯಿತು.

ಇಲ್ಲಿ ನಮ್ಮ ನಿಯಮ ಎರಡೂ ಕಡೆ ಅನ್ವಯಿಸಬೇಕು. ಲಾಭ ಸಿಕ್ಕಿತು ಅಂದರೆ ಉದ್ದೇಶ ಅದೇ ಆಗಿತ್ತು ಅಂತಲ್ಲ. ಲಾಭ ಸಿಗಲಿಲ್ಲ ಅಂದರೆ ಉದ್ದೇಶ ಇರಲಿಲ್ಲ ಅಂತಲೂ ಅಲ್ಲ. ಲುಕಾಯಿಲ್ 1997ರಲ್ಲೇ ಸದ್ದಾಂ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತ್ತು, ಯುದ್ಧ ವಿರೋಧಿಸಿದ ರಷ್ಯಾದ ಉದ್ದೇಶವನ್ನೂ ಇದೇ ಅಳತೆಯಲ್ಲಿ ನೋಡಬೇಕು.

ಎರಡನೆಯ ವಾದ ಹೆಚ್ಚು ಗಟ್ಟಿ. ಕೊಲ್ಲಿಯ ತೈಲ ಹರಿಯುವ ಪ್ರದೇಶದಲ್ಲಿ ಸದ್ದಾಂ ತಲೆ ಎತ್ತಬಾರದು ಅನ್ನುವುದು. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ 2007ರ ಆತ್ಮಕಥೆಯಲ್ಲಿ ಯುದ್ಧ ಬಹುಮಟ್ಟಿಗೆ ತೈಲದ್ದೇ ಅಂದರು. ಆದರೆ ಅದು ಸರ್ಕಾರದ ಉದ್ದೇಶವಾಗಿತ್ತು ಅಂತ ತಾವು ಹೇಳುತ್ತಿಲ್ಲ ಎಂದು ಆಮೇಲೆ ವಿವರಿಸಿದರು. ಮೊದಲನೇ ಮಾತನ್ನಷ್ಟೇ ಎತ್ತಿ ಬರೆದರೆ ಅರ್ಧ ಸತ್ಯ ಬರೆದಂತೆ. ಸದ್ದಾಂ 2000ದಲ್ಲಿ ತೈಲ ವ್ಯಾಪಾರ ಯೂರೋಗೆ ಬದಲಿಸಿದ್ದೇ ಕಾರಣ ಅನ್ನುವ ಮೂರನೆಯ ವಾದ, ಒಂದಾದ ಮೇಲೆ ಇನ್ನೊಂದು ನಡೆಯಿತು ಅನ್ನುವುದರ ಮೇಲಷ್ಟೇ ನಿಂತಿದೆ.

ಪ್ರಜಾಪ್ರಭುತ್ವ

ಅಸ್ತ್ರ ಸಿಗದಿದ್ದಾಗ ಈ ಕಾರಣ ಹುಟ್ಟಿಸಿದರು ಅನ್ನುತ್ತಾರೆ. ದಿನಾಂಕ ಇದನ್ನು ಒಪ್ಪುವುದಿಲ್ಲ. 2003ರ ಫೆಬ್ರವರಿ 26ರಂದು, ದಾಳಿಗೂ ಮೊದಲೇ, ಸ್ವತಂತ್ರ ಇರಾಕ್ ಇಡೀ ಪ್ರದೇಶಕ್ಕೆ ಮಾದರಿಯಾಗುತ್ತದೆ ಅಂತ ಬುಷ್ ಭಾಷಣ ಮಾಡಿದ್ದರು. ಆದರೆ ವುಲ್ಫೊವಿಟ್ಜ್ ಅವರ ಮೂರನೇ ಚಿಂತೆಯ ಮಾತನ್ನು ಇದರ ಪಕ್ಕದಲ್ಲಿಡಿ. ಬ್ರೆಮರ್ ಆಡಳಿತ ಮಾಡಿದ್ದನ್ನೂ ನೋಡಿ. ಸಂವಿಧಾನ ಬರೆಯುವವರನ್ನು ಇರಾಕಿಗಳೇ ಚುನಾಯಿಸಬೇಕು ಅಂತ 2003ರ ಜೂನ್‌ನಲ್ಲಿ ಫತ್ವಾ ಹೊರಡಿಸಿದ್ದು ನಜಾಫ್‌ನ ಶಿಯಾ ಧರ್ಮಗುರು ಆಯತೊಲ್ಲಾ ಅಲಿ ಸಿಸ್ತಾನಿ. ನವೆಂಬರ್‌ನಲ್ಲಿ ಅಮೆರಿಕ ಮುಂದಿಟ್ಟ ಯೋಜನೆಯಲ್ಲಿ ಮಧ್ಯಂತರ ಸಭೆಗೆ ನೇರ ಮತದಾನವೇ ಇರಲಿಲ್ಲ, ಪ್ರಾಂತ್ಯಗಳ ಆಯ್ದ ಜನರ ಸಭೆಗಳು ಸದಸ್ಯರನ್ನು ಆರಿಸಬೇಕಿತ್ತು. 2004ರ ಜನವರಿಯಲ್ಲಿ ಬಸ್ರಾ ಮತ್ತು ಬಾಗ್ದಾದ್‌ನಲ್ಲಿ ಹತ್ತಾರು ಸಾವಿರ ಜನ ಚುನಾವಣೆ ಕೇಳಿ ಬೀದಿಗಿಳಿದರು. ಆ ಯೋಜನೆ ಕೈಬಿಟ್ಟರು. 2005ರ ಜನವರಿ 30ರಂದು ಮತದಾನ ನಡೆಯಿತು. ವಾಷಿಂಗ್ಟನ್ ಅದನ್ನು ತನ್ನ ಉದ್ದೇಶ ಈಡೇರಿದ ದಿನ ಅಂತ ಹೇಳಿಕೊಂಡಿತು, ಸಿಸ್ತಾನಿಯ ಹಿಂಬಾಲಕರು ತಾವು ಹಟ ಹಿಡಿದು ಪಡೆದದ್ದು ಅಂತ ಎಣಿಸಿದರು.